ರಾಣಿಯಷ್ಟೇ ಎತ್ತರ

ಪುರಸಭೆಯ ಹೊಲಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮಿಷನ್ ತುಳಿದವಳು ಟೇಪಕ್ಕ. ಜವಾನರ ಅಂಗಿ, ಸಭಾಂಗಣದ ಪರದೆ, ಬಾವುಟ, ಎಲ್ಲಕ್ಕೂ ಅವಳದೇ ಕೈ. ಅಳತೆ ಟೇಪು ಸದಾ ಕೊರಳಲ್ಲಿ ಜೋತಾಡುತ್ತಿದ್ದುದರಿಂದ ಆ ಹೆಸರು. ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಅದೇ ಕಟ್ಟಡದ ಮೆಟ್ಟಿಲು ಒರೆಸುವವಳು. ಇಬ್ಬರದೂ ಒಂದೇ ಮನೆ, ಒಂದೇ ಒಲೆ.

ಊರ ನಡುವಿನ ಹೊಸ ಗಡಿಯಾರ ಗೋಪುರದ ಉದ್ಘಾಟನೆಗೆ ಮಹಾರಾಣಿ ಬರುತ್ತಾರೆಂದು ಸುದ್ದಿಯಾಯಿತು. ಕಲ್ಲಿನ ಫಲಕಕ್ಕೆ ಹಾಕುವ ಪರದೆ ಟೇಪಕ್ಕನ ಪಾಲಿಗೆ ಬಂತು. ಕೆಂಪು ಮಖಮಲ್ಲು, ಹಗ್ಗ ಎಳೆದರೆ ಹಿತ್ತಾಳೆ ಬಳೆಗಳು ಸರಳಿನ ಮೇಲೆ ಜಾರಿ ಪರದೆ ಪಕ್ಕಕ್ಕೆ ಸರಿಯಬೇಕು. ಟೇಪಕ್ಕ ಉಬ್ಬಿಹೋದಳು. ಆ ಉಬ್ಬು ಎರಡು ದಿನ ಉಳಿಯಲಿಲ್ಲ.

ಮಹಾರಾಣಿ ಎಲ್ಲಿ ನಿಲ್ಲಬೇಕು, ಹಗ್ಗ ಎಷ್ಟು ಇಳಿಯಬೇಕು ಎಂದು ಮೊದಲೇ ಅಭ್ಯಾಸ ಮಾಡಿ ನೋಡಲು ಅವರಷ್ಟೇ ಎತ್ತರದ ಹೆಂಗಸೊಬ್ಬಳು ಬೇಕಾಯಿತು. ಗುಮಾಸ್ತರು ಟೇಪಕ್ಕನ ಕೊರಳಿನ ಟೇಪನ್ನೇ ಇಸಿದುಕೊಂಡು ಹೆಂಗಸರನ್ನೆಲ್ಲ ಗೋಡೆಗೆ ನಿಲ್ಲಿಸಿ ಅಳೆದರು.

"ಟೇಪಕ್ಕ, ನೀವು ಒಂದಿಂಚು ಜಾಸ್ತಿ. ನಿಮ್ಮ ವಾರಗಿತ್ತಿ ನೋಡಿ, ಅಳತೆ ಕೊಟ್ಟು ಮಾಡಿಸಿದ ಹಾಗಿದಾರೆ!"

ಇಂಚಿನಿಂದಲೇ ಅನ್ನ ಉಂಡವಳಿಗೆ ಇಂಚೇ ಕೈಕೊಟ್ಟಿತು.

ಅಂದಿನಿಂದ ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲು ಒರೆಸುವವಳು ಕೈಚೀಲ ತೂಗಿಸಿಕೊಂಡು ನಡೆದು ಬರುವಳು. ಸಾಕ್ಷಾತ್ ಅಧ್ಯಕ್ಷರೇ ಅವಳಿಗೆ ತಲೆಬಾಗುವರು. ಅವಳು ಹಗ್ಗ ಎಳೆದರೆ ಚಪ್ಪಾಳೆ. ಕಿಟಕಿಯಿಂದ ನೋಡುವ ಟೇಪಕ್ಕನ ಕಣ್ಣಿಗೆ ಖಾರ ಬಿದ್ದಂತಾಗುತ್ತಿತ್ತು. ಸರಿಯುವ ಪರದೆ ಯಾರದು, ಚಪ್ಪಾಳೆ ಯಾರಿಗೆ!

ಮನೆಯಲ್ಲಿ ಅತ್ತೆಯದೂ ಅದೇ ಪಾಠ. "ನಮ್ಮ ರಾಣಿಗೊಂದು ಕುರ್ಚಿ ಹಾಕೇ, ನಿಂತೂ ನಿಂತೂ ಕಾಲು ಬಿದ್ದುಹೋಗಿರುತ್ತೆ."

"ಮಿಷನ್ ತುಳಿಯೋರಿಗೆ ಕಾಲಿಲ್ವಾ ಅತ್ತೆ?"

"ನಿಂದು ಇದ್ದದ್ದೇ ಬಿಡು."

ಮಹಾರಾಣಿ ಬರುವ ಹಿಂದಿನ ದಿನ, ಪತ್ರಿಕೆಯವರೆದುರು ಕೊನೆಯ ಅಭ್ಯಾಸ. ಪರದೆಯ ನೆರಿಗೆ ಸರಿಮಾಡುವ ನೆಪದಲ್ಲಿ ಬೆಳಿಗ್ಗೆಯೇ ಏಣಿ ಹತ್ತಿದ ಟೇಪಕ್ಕ, ಅಂಚಿನ ಬಳೆಯನ್ನು ಸರಳಿನ ಕೊಂಡಿಗೆ ಕೆಂಪು ದಾರದಲ್ಲಿ ನಾಲ್ಕು ಸುತ್ತು ಬಿಗಿದಳು. ಎಳೀಲಿ, ಜಗ್ಗಲಿ, ಹತ್ತು ಜನರ ಮುಂದೆ ಮುಖ ಇಂಗು ತಿಂದ ಮಂಗನ ಹಾಗಾಗಲಿ! ಇಳಿದು ಬರುತ್ತಲೇ ಕಾವಲಿನವನು ಅವಳ ಒಳಬಿಡುವ ಚೀಟಿ ಇಸಿದುಕೊಂಡ. ಅವಳ ಕೆಲಸ ಮುಗಿದಿತ್ತು.

ಹತ್ತು ಗಂಟೆಗೆ ಗುಮಾಸ್ತರು ಅಂದರು: "ಇವತ್ತು ನಡಿಗೆ ಅಷ್ಟೇ. ಹಗ್ಗ ಮುಟ್ಟೋದು ಬೇಡ, ಸಾಕಷ್ಟು ಎಳೆದಾಗಿದೆ. ಇನ್ನು ನಾಳೆ ಮಹಾರಾಣಿಯವರೇ ಎಳೀಲಿ."

ಹೊರಗೆ ನಿಂತು ನೋಡುತ್ತಿದ್ದ ಟೇಪಕ್ಕನಿಗೂ ಆ ಮಾತು ಕೇಳಿಸಿತು. ತೋಡಿದ ಹಳ್ಳ ತನ್ನ ಕಾಲ ಕೆಳಗೇ ಬಾಯಿ ಬಿಟ್ಟಿತ್ತು. ಮಹಾರಾಣಿ ಜಗ್ಗಿ ಪರದೆ ಕದಲದಿದ್ದರೆ, ಯಾರು ಹೊಲಿದದ್ದು ಎಂಬ ಮಾತಿಗೆ ಊರೆಲ್ಲ ಬೆರಳು ತೋರಿಸುವುದು ಅವಳ ಕಡೆಗೇ. ಇಪ್ಪತ್ತೆರಡು ವರ್ಷದ ಹೆಸರು! ಗೋಪುರದ ಸುತ್ತ ಆಗಲೇ ಹಗ್ಗದ ಬೇಲಿ, ಪೊಲೀಸರು. ಅಂದು ಸಂಜೆಯವರೆಗೆ ಒಳಹೋಗುವ ಚೀಟಿ ಇನ್ನೂ ಇದ್ದದ್ದು ಒಬ್ಬಳ ಹತ್ತಿರ.

ವಾರಗಿತ್ತಿ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ನಿನ್ನಿಂದ ಒಂದು ಕೆಲಸ ಆಗ್ಬೇಕು ಕಣೆ. ಪರದೆಯ ಅಂಚಿನ ಬಳೆ... ನಾನೇ ಕಟ್ಟಿಬಿಟ್ಟಿದೀನಿ. ನಿನಗೆ ಅವಮಾನ ಆಗ್ಲಿ ಅಂತ."

ಹಿಂಡುವ ಕೈ ನಿಂತಿತು. "ಒಂದಿಂಚಿಗಾ ಅಕ್ಕಾ?"

"ಒಂದಿಂಚಿಗೆ."

ವಾರಗಿತ್ತಿ ಕೈ ಒರೆಸಿಕೊಂಡು ಸೊಂಟ ನೆಟ್ಟಗೆ ಮಾಡಿದಳು. "ರಾಣಿ ಹತ್ರ ಹೀಗಾ ಕೇಳೋದು? ಅಧ್ಯಕ್ಷರೇ ಬಗ್ತಾರೆ!"

ಟೇಪಕ್ಕ ಹಲ್ಲು ಕಚ್ಚಿ ಬಗ್ಗಿದಳು. ಮೇಲಿನಿಂದ ಕಿಸಕ್ಕನೆ ನಗು ಬಿತ್ತು. "ಕೊಡಕ್ಕಾ ಕತ್ತರಿ, ತಮಾಷೆಗಂದೆ." ಅವಳು ಕತ್ತರಿಯನ್ನು ಕೈಚೀಲಕ್ಕಿಳಿಸಿ, ಮಹಾರಾಣಿಯ ನಡಿಗೆಯಲ್ಲೇ ಪೊಲೀಸರ ನಡುವೆ ಹಾದು, ಫಲಕದ ಪಕ್ಕದಲ್ಲೇ ಇದ್ದ ಏಣಿಯತ್ತ ಹೋದಳು.

ಮಾರನೆಯ ದಿನ ಪರದೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಸರಿಯಿತು.

ವಾರಗಿತ್ತಿ ಆ ದಾರದ ಮಾತನ್ನು ಗಂಡನಿಗೂ ಹೇಳಲಿಲ್ಲ. ಯಾರಾದರೂ ಅವಳನ್ನು ರಾಣಿಯೆಂದು ರೇಗಿಸಿದರೆ, "ಪರದೆ ನಮ್ಮಕ್ಕ ಹೊಲಿದದ್ದು, ನಾನೇನು, ಎಳೆದೆ ಅಷ್ಟೇ" ಎನ್ನುತ್ತಾಳೆ. ಬೈದಿದ್ದರೆ ತಿರುಗಿ ಬೈದು ಟೇಪಕ್ಕ ಹಗುರಾಗುತ್ತಿದ್ದಳು. ಆ ಒಳ್ಳೆಯತನ ಅವಳಿಗೆ ಇನ್ನೂ ಅರಗಿಲ್ಲ. ಈಗ ಅತ್ತೆ ಹೇಳಬೇಕಾಗಿಲ್ಲ; ವಾರಗಿತ್ತಿ ಮನೆಗೆ ಬಂದರೆ ಟೇಪಕ್ಕನೇ ಕುರ್ಚಿ ಹಾಕುತ್ತಾಳೆ.

ಧಡ್ ಎಂದು ಹಾಕುತ್ತಾಳೆ.