ಜೇನುಮೇಣ ಸಾಲದ ವರ್ಷ

ಕೋವಿ ಸಾಬರು ಕೋವಿ ಬಿಟ್ಟದ್ದು ಕಣ್ಣು ಮಂಜಾಗಿ ಅಲ್ಲ, ನನ್ನಿಂದ. ಊರಿನವರು ಇವತ್ತಿಗೂ ಕಣ್ಣಿನ ಕತೆಯನ್ನೇ ಹೇಳುತ್ತಾರೆ. ನಾನೂ ಇಷ್ಟು ವರ್ಷ ಹೂಂಗುಟ್ಟಿಕೊಂಡು ಬಂದಿದ್ದೇನೆ.

ಮೊನ್ನೆ ಮೊಮ್ಮಗಳು ಬಂದವಳು ಬ್ಯಾಗಿನಿಂದ ಒಂದು ಸಣ್ಣ ಡಬ್ಬಿ ತೆಗೆದಳು. ತುಟಿಗೆ ಹಚ್ಚುವುದಂತೆ.

"ಹಚ್ಕೋ ಅಜ್ಜಿ, ತುಟಿ ನೋಡು ಹೆಂಗ್ ಒಡ್ದೋಗಿದೆ."

"ಈ ವಯಸ್ಸಲ್ಲಿ ನನ್ ತುಟಿ ಯಾರ್ ನೋಡ್ಬೇಕೇ?" ಅಂದೆ. ಆದರೂ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. ಜೇನುಮೇಣ. ಅಪ್ಪಟ ಜೇನುಮೇಣದ ವಾಸನೆ... ಹಚ್ಚಿಕೊಳ್ಳಲು ಕೈ ಬರಲಿಲ್ಲ.

ಸಾಬರು ಶಿಡ್ಲಘಟ್ಟದವರು. ನಮ್ಮ ಹೊಲದ ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಮಾಡಿಕೊಂಡಿದ್ದರು. ಬೆಳೆ ಕಾಯಲೆಂದು ಅವರಪ್ಪನ ಕಾಲದಿಂದ ಲೈಸೆನ್ಸ್ ಇದ್ದ ಕೋವಿ ಒಂದಿತ್ತು, ಮೂತಿಯಿಂದ ಮದ್ದು ತುಂಬುವ ಹಳೇ ಕೋವಿ. ಕಾಡುಹಂದಿಗಳು ಅವರ ಸೊಪ್ಪನ್ನು ಮೂಸಿಯೂ ನೋಡುತ್ತಿರಲಿಲ್ಲ, ನಮ್ಮ ಕಡಲೆಕಾಯಿಯನ್ನು ಬಿಡುತ್ತಿರಲಿಲ್ಲ. ಆದರೂ ಕರೆದಾಗಲೆಲ್ಲ ಬರುತ್ತಿದ್ದರು. ಹಂದಿ ಹೊಡೆಯಲು ಅಪ್ಪಣೆ ಇತ್ತೋ ಇಲ್ಲವೋ, ನಾನು ಕೇಳಿದವಳಲ್ಲ. ಬಿದ್ದ ಹಂದಿಯನ್ನು ಅವರು ಮುಟ್ಟುತ್ತಿರಲಿಲ್ಲ. ಊರಿನವರು ಹೊತ್ತು ತಂದು ಪಾಲು ಹಾಕಿಕೊಳ್ಳುತ್ತಿದ್ದೆವು.

"ಹೊಡೆಯೋದ್ ನಾನು, ತಿನ್ನೋದ್ ನೀವು. ನನ್ ಪಾಲಿಗೇನಮ್ಮಾ?" ಅನ್ನುತ್ತಿದ್ದರು.

"ವಾಸ್ನೆ ಬರ್ತದಲ್ಲ, ತಗೊಳ್ಳಿ."

"ಅರೆ, ಅದೂ ಬ್ಯಾಡ. ಗಾಳೀನ ಆ ಕಡೆ ತಿರುಗಿಸ್ಬಿಡಿ!"

ಗುಂಡುಗಳನ್ನು ಅವರೇ ಸೀಸ ಕರಗಿಸಿ ಮಾಡಿಕೊಳ್ಳುತ್ತಿದ್ದರು. ಬರೀ ಸೀಸವಾದರೆ ನಳಿಗೆಯೊಳಗೆ ಉಜ್ಜಿ ಮೆತ್ತಿಕೊಳ್ಳುತ್ತದೆ, ಅದಕ್ಕೆ ಮೇಲೊಂದು ಲೇಪ ಬೇಕು. ಆ ಲೇಪದ ವಿಷಯದಲ್ಲಿ ಮಹಾ ಹಟದ ಮನುಷ್ಯ. ಮೇಣದಬತ್ತಿ ಕರಗಿಸಿ ಹಚ್ಚಿಕೊಡಲೇ ಅಂದರೆ, ಚಳಿಗೆ ಸಿಪ್ಪೆಯಂತೆ ಎದ್ದು ಬರುತ್ತೆ ಅನ್ನುವರು. ಹರಳೆಣ್ಣೆ ಅಂದರೆ ಮದ್ದು ಒದ್ದೆಯಾಗುತ್ತೆ ಅನ್ನುವರು. ಜೇನುಮೇಣವೇ ಆಗಬೇಕು. ಅವರ ಕೈ ನಡುಗುತ್ತಿದ್ದರಿಂದ ಲೇಪ ಹಚ್ಚುವ ಕೆಲಸ ನನ್ನ ಒಲೆಗೆ ಬಂದಿತ್ತು. ಕೈವಾರದ ಬೆಟ್ಟದ ಕಡೆಯಿಂದ ಜೇನು ಮಾರುವವರು ಬಂದಾಗ ಮೇಣ ತೆಗೆದಿಡುತ್ತಿದ್ದೆ.

ಇನ್ನೊಂದು ಅಭ್ಯಾಸ ಅವರಿಗಿತ್ತು. ಕೋವಿ ತುಂಬುವಾಗ ಎರಡು ಕೈಗೂ ಕೆಲಸ. ಹಾಗಾಗಿ ಮುಂದಿನ ಗುಂಡನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಹೆಂಗಸರು ಜಡೆ ಹಾಕುವಾಗ ಪಿನ್ನು ಕಚ್ಚಿಕೊಳ್ಳುವ ಹಾಗೆ.

ಆ ವರ್ಷ ಜೇನಿನವರು ಬರಲಿಲ್ಲ. ಇದ್ದದ್ದು ಹುಣಸೆಬೀಜದಷ್ಟು ಮೇಣ. ನಮ್ಮ ಮನೆಯವರಿಗೆ ಮಂಡಿನೋವು, ತಿಕ್ಕಲೆಂದು ಹಿಂದಿನ ಹಂದಿಯ ನೆಣ ಕಾಸಿ ಕುಡಿಕೆಯಲ್ಲಿ ಇಟ್ಟಿದ್ದೆ. ಸಾರು ಸಾಲದಿದ್ದರೆ ನೀರು ಬೆರೆಸುತ್ತೇವೆ, ಹಿಟ್ಟು ಸಾಲದಿದ್ದರೆ ಸೊಪ್ಪು ಬೆರೆಸುತ್ತೇವೆ. ಮೇಣ ಸಾಲಲಿಲ್ಲ, ನೆಣ ಬೆರೆಸಿದೆ. ಕೋವಿಗೆ ಹೋಗುವುದು ತಾನೇ ಅಂದುಕೊಂಡೆ. ಬಾಯಿ ನೆನಪಾಗಲಿಲ್ಲ. ಇದು ನಿಜ. ನನ್ನ ಸಂಕಟ ಇದಕ್ಕಲ್ಲ.

ಕಡಲೆಕಾಯಿ ಕೀಳುವ ವಾರ. ಹೊತ್ತು ಮುಳುಗುವಾಗ ಇಬ್ಬರೂ ಬದುವಿನ ಮೇಲೆ ಕೂತಿದ್ದೆವು. ಗುಂಡಿನ ಡಬ್ಬಿ ನನ್ನ ಮಡಿಲಲ್ಲಿತ್ತು. ಅವರು ಒಂದು ಗುಂಡು ತೆಗೆದು ಬಾಯಿಗಿಟ್ಟುಕೊಂಡರು. ಆಗ ನೆನಪಾಯಿತು. ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೇಲಿ ಮುರಿದು ಹಂದಿಗಳ ಹಿಂಡು ಸಾಲಿಗೆ ಇಳಿಯಿತು... ತೆರೆದ ಬಾಯಿ ಮುಚ್ಚಿಕೊಂಡೆ.

ಸಾಬರು ಹೊಡೆದರು. ಇನ್ನೊಂದು ಬಾಯಿಗಿಟ್ಟರು, ತುಂಬಿದರು, ಹೊಡೆದರು. ಮತ್ತೂ ಒಂದು. ಡಬ್ಬಿ ಹಿಡಿದು ಕೊಡುತ್ತಿದ್ದವಳು ನಾನೇ. ಒಂದು ಮಾತು ಹೇಳಿದ್ದರೆ ಕೋವಿ ಕೆಳಗಿಡುತ್ತಿದ್ದರು. ಅದು ಗೊತ್ತಿದ್ದಕ್ಕೇ ಹೇಳಲಿಲ್ಲ. ಮೊದಲು ನನ್ನ ಬೆಳೆ, ಆಮೇಲೆ ಅವರ ಬಾಯಿ.

ಒಂದೂ ಬೀಳಲಿಲ್ಲ, ಎಲ್ಲ ಗುಡ್ಡದ ಕಡೆ ಓಡಿದವು. ಬೆಳೆ ಉಳಿಯಿತು. ಸಾಬರು ನಗುತ್ತಾ ಗಡ್ಡ ಒರೆಸಿಕೊಂಡರು.

"ಉಳೀತಲ್ಲಮ್ಮಾ ಕಡ್ಲೆಕಾಯಿ! ಈ ಸಲ ಮೇಣ ಭಾಳಾ ಚೆನ್ನಾಗಿದೆ. ಗುಂಡು ಬೆಣ್ಣೆ ಹಂಗೆ ಇಳೀತದೆ."

ಹೊಗಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. "ಅದ್ರಲ್ಲಿ ನೆಣ ಐತೆ ಸಾಬ್ರೇ," ಅಂದೆ.

"ಯಾವ್ ನೆಣ?"

ನಾನು ಹಂದಿಗಳು ಓಡಿದ ಕಡೆ ನೋಡಿದೆ.

ಅವರು ಕೋವಿಯನ್ನು ಬದುವಿಗೆ ಒರಗಿಸಿ ನೀರಿನ ತೊಟ್ಟಿಯ ಹತ್ತಿರ ಹೋದರು. ಮಣ್ಣು ತೆಗೆದುಕೊಂಡು ಹಲ್ಲು, ನಾಲಗೆ ಉಜ್ಜಿದರು. ಉಗಿದರು, ಮತ್ತೆ ಉಜ್ಜಿದರು. ನಾನು ನಿಂತೇ ಇದ್ದೆ. ವಾಪಸ್ ಬಂದು, "ಯಾವಾಗ ಗ್ಯಾಪ್ಕ ಬಂತಮ್ಮಾ ನಿಮ್ಗೆ?" ಅಂದರು.

"ಮೊದಲ್ನೇ ಗುಂಡಿಗೆ."

"ಗೊತ್ತಿಲ್ದೆ ಆಗಿದ್ದು ನನ್ ಮೇಲೆ ಪಾಪ ಅಲ್ಲ, ಬಿಡಿ. ನಿಮ್ಗೆ ಗೊತ್ತಿತ್ತಲ್ಲ..." ಅಷ್ಟೇ ಅಂದರು. ಕೋವಿ ಹೆಗಲಿಗೆ ಹಾಕಿಕೊಂಡು ಹೋದರು. ಗುಂಡಿನ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.

ಆಮೇಲೆ ಎಲೆಕ್ಷನ್ ಬಂತು. ವಾಡಿಕೆಯಂತೆ ಕೋವಿ ಇದ್ದವರೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿದರು. ಎಲೆಕ್ಷನ್ ಮುಗಿದ ಮೇಲೆ ಎಲ್ಲರೂ ವಾಪಸ್ ತಂದರು. ಸಾಬರು ತರಲಿಲ್ಲ. ಕೇಳಿದವರಿಗೆ, ಕಣ್ಣು ಸರಿಯಿಲ್ಲಪ್ಪ ಅಂದರು. ನನ್ನ ಹೆಸರು ಎಲ್ಲೂ ಎತ್ತಲಿಲ್ಲ. ರಂಜಾನಿಗೆ ಅವರ ಮನೆಯಿಂದ ಶಾವಿಗೆ ಪಾಯಸ ಬರುವುದೂ ನಿಲ್ಲಲಿಲ್ಲ. ಅದೇ ಕಷ್ಟವಾದದ್ದು. ನಾಲ್ಕು ಜನರ ಮುಂದೆ ಬೈದಿದ್ದರೆ ನಾನೂ ತಿರುಗಿ ಬೈದು, ಸಮ ಮಾಡಿಕೊಳ್ಳುತ್ತಿದ್ದೆ. ಹಂದಿಗಳು ಮುಂದಿನ ವರ್ಷ ಹೊಲವನ್ನೆಲ್ಲ ಉತ್ತು ಹೋದವು. ಅವರನ್ನು ಕರೆಯಲು ನನಗೆ ಮುಖವಿರಲಿಲ್ಲ.

ಸಾಬರು ತೀರಿಕೊಂಡಾಗ ಶಿಡ್ಲಘಟ್ಟಕ್ಕೆ ಹೋಗಿ ಅವರ ಬಾಗಿಲಲ್ಲಿ ನಿಂತು ಬಂದೆ. ಒಳಗೆ ಕರೆದರು. ಹೋಗಲಿಲ್ಲ.

ಮೊಮ್ಮಗಳ ಡಬ್ಬಿ ಮೂಸಿದ ಮರುದಿನ ಬೆಳಿಗ್ಗೆ ಎದ್ದು, ಅಟ್ಟದ ಮೇಲಿದ್ದ ಗುಂಡಿನ ಡಬ್ಬಿ ಇಳಿಸಿದೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಂದು ಹಳೇ ತಪ್ಪಲೆಯಲ್ಲಿ ನೀರು ಕಾಯಿಸಿ ಗುಂಡುಗಳನ್ನು ಹಾಕಿದೆ. ನೆಣ ಮೇಲೆ ತೇಲಿತು. ಚೆಲ್ಲಿದೆ. ಸೀಗೆಕಾಯಿ ಹಾಕಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಮೊಮ್ಮಗಳ ಡಬ್ಬಿಯ ಮೇಣ ಕರಗಿಸಿ ಒಂದೊಂದಕ್ಕೇ ಹಚ್ಚಿದೆ.

"ಅಜ್ಜೀ, ನನ್ ಡಬ್ಬಿ ಎಲ್ಲೇ?" ಒಳಗಿನಿಂದ ಕೂಗಿದಳು.

"ಮುಗ್ದೋಯ್ತು ಕಣೇ," ಅಂದೆ.

ನಾಲ್ಕು ಗುಂಡಿಗೇ ಮುಗಿದಿತ್ತು. ಉಳಿದವಕ್ಕೆ ಏನೂ ಬೆರೆಸಲಿಲ್ಲ. ಹಾಗೇ ಬರೀ ಸೀಸವಾಗಿ ಬಿಟ್ಟೆ.