ಏಳು ವರ್ಷ ನೆನೆದ ನಾಣ್ಯ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವನಿಗೆ ಗೆಳೆಯರು ಇಟ್ಟ ಹೆಸರು ಭೂತಗನ್ನಡಿ. ಮನೆ ಅಳಿಯ ಬೇರೆ. ಮನೆ ಮಾವನದು, ಕುರ್ಚಿ ಮಾವನದು, ಕಡೆಗೆ ದೀಪ ಆರಿಸುವ ಹೊತ್ತೂ ಮಾವನದೇ. ಅವನದೆಂದು ಇದ್ದದ್ದು ಮೆಟ್ಟಿಲ ಕೆಳಗಿನ ಒಂದು ಮೇಜು, ಅದರ ಮೇಲೆ ಹಳೆಯ ರೋಮನ್ ನಾಣ್ಯಗಳು ಮಣ್ಣು ಬಿಡಲೆಂದು ನೀರಿನಲ್ಲಿ ನೆನೆಯುವ ಬಟ್ಟಲುಗಳು.

ಮಾವ ನಿವೃತ್ತ ರೈಲ್ವೆ ಗಾರ್ಡು, ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಮದುವೆಯಾದ ಹೊಸತರಲ್ಲಿ ಅವರು ಹಳೆ ಸಾಮಾನಿನ ಅಂಗಡಿಯಿಂದ ಮಣ್ಣು ಮೆತ್ತಿದ ಒಂದು ಕಂಚಿನ ನಾಣ್ಯ ತಂದು ತೋರಿಸಿದರು. ಮಣ್ಣು ಬಿಡುವ ಮೊದಲು ಬಾಯಿ ಬಿಡಬಾರದು, ಈ ಹವ್ಯಾಸದ ಮೊದಲ ಪಾಠವೇ ಅದು. ಆದರೆ ಹೊಸ ಅಳಿಯನ ಜಂಬ ಕೇಳಬೇಕಲ್ಲ!

"ಅಸಲಿ ರೋಮನ್, ಮಾವ. ಸಾವಿರದ ಏಳ್ನೂರು ವರ್ಷದ್ದು" ಎಂದುಬಿಟ್ಟ.

"ನಮ್ಮ ಅಳಿಯಂದು ಕಣ್ಣಲ್ಲ, ಎಕ್ಸ್‌ರೇ" ಎಂದು ಮಾವ ಬೀದಿಗೆಲ್ಲ ಡಂಗುರ ಸಾರಿದರು.

ಒಂದು ವಾರ ನೆನೆಸಿ, ಬಿದಿರುಕಡ್ಡಿಯಿಂದ ಅಂಚಿನ ಮಣ್ಣು ಬಿಡಿಸಿ ದೀಪದ ಹತ್ತಿರ ಹಿಡಿದ. ಅಂಚಿನ ಸುತ್ತ ಕೂದಲೆಳೆಯಂಥ ಗೆರೆ. ಸುತ್ತಿಗೆಯಿಂದ ಬಡಿದು ಮುದ್ರೆಯೊತ್ತಿದ ನಾಣ್ಯಕ್ಕೆ ಅದು ಬರುವುದಿಲ್ಲ. ಎರಡು ಅಚ್ಚು ಕೂಡಿಸಿ ಎರಕ ಹೊಯ್ದದ್ದಕ್ಕೆ ಬರುತ್ತದೆ. ನಾಣ್ಯದ ಮೇಲಿನ ದೊರೆಯ ಮುಖದಲ್ಲಿ, ಕಿವಿಯ ಕೆಳಗೆ, ಎರಕದಲ್ಲಿ ಗಾಳಿ ನಿಂತ ಒಂದು ಸಣ್ಣ ಗುಳ್ಳೆಯೂ ಇತ್ತು. ಅಪ್ಪಟ ನಕಲಿ.

ಹೇಳಲು ನಾಲಗೆ ಏಳಲಿಲ್ಲ. ಆ ಮನೆಯಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

"ಆಯ್ತೇನ್ರೀ ಅಳಿಯಂದ್ರೇ?"

"ಇನ್ನೂ ನೆನೀಬೇಕು, ಮಾವ."

ಹೀಗೆ ಏಳು ವರ್ಷ. ದಿನಾ ನೀರು ಬದಲಿಸುವಾಗ, ಆ ಬಟ್ಟಲಿನಲ್ಲಿ ಬಿದ್ದಿರುವುದು ತಾನೇ ಅನ್ನಿಸುತ್ತಿತ್ತು.

"ಹೇಳಿಬಿಡ್ರೀ. ಅಪ್ಪ ಏನು ನುಂಗಿಬಿಡ್ತಾರಾ?" ಎನ್ನುತ್ತಿದ್ದಳು, ಗುಟ್ಟು ಗೊತ್ತಿದ್ದ ಹೆಂಡತಿ.

"ನುಂಗಿದ್ರೆ ವಾಸಿ ಇತ್ತು. ನಿಮ್ಮಪ್ಪ ಮಾತು ಬಿಟ್ಟುಬಿಡ್ತಾರೆ."

ಮಾವನಿಗೆ ಎಪ್ಪತ್ತು ತುಂಬುವ ದಿನ ಹತ್ತಿರ ಬಂತು. ಹಳೆಯ ಗೆಳೆಯರನ್ನು ಕರೆದಿದ್ದರು. "ಅವತ್ತು ನಾಣ್ಯ ನನ್ನ ಕೈಲಿರಬೇಕು, ಅಷ್ಟೇ" ಎಂದರು. ನಾಣ್ಯಕ್ಕೆ ಲೋಹದ ಹತಾರ ತಾಗಿಸುವವರನ್ನು ಕಂಡರೆ ಉರಿದುಬೀಳುತ್ತಿದ್ದವನು, ಅಂಗಡಿಯಿಂದ ಫ್ರೇಮು ಉಜ್ಜುವ ಸಣ್ಣ ಅರ ತಂದು ಆ ಗೆರೆಯನ್ನು ಉಜ್ಜಿ ತೆಗೆದ. ಅಲ್ಲಿಯವರೆಗೆ ಬರೀ ತಪ್ಪಾಗಿದ್ದದ್ದು ಈಗ ಮೋಸವಾಯಿತು. ತನ್ನ ಕೈ ಕಂಡು ತನಗೇ ಹೇಸಿಗೆಯಾಯಿತು.

ಅಂದು ಮಾವ ನಾಣ್ಯವನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿದರು. ಕಣ್ಣಲ್ಲಿ ನೀರು. "ನನ್ನ ಮಾತು ಉಳಿಸಿದ್ರಿ ಅಳಿಯಂದ್ರೇ."

ಗಂಡಾಂತರ ಕಳೆಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ, ಮಾವನ ಮೂವರು ಗೆಳೆಯರು ಜೇಬಿನಿಂದ ಕರವಸ್ತ್ರದ ಗಂಟು ತೆಗೆದರು.

"ನೀವು ಅಸಲಿ ಅಂದ್ರಲ್ಲ, ಅದೇ ವಾರ ನಾವೂ ಆ ಅಂಗಡೀಲೇ ತಗೊಂಡ್ವಿ. ನಿಮ್ಮ ಮಾವನ ನಾಣ್ಯದ ಕೆಲಸ ಮುಗೀಲಿ ಅಂತ ಕಾಯ್ತಿದ್ವಿ" ಎಂದರು ಒಬ್ಬರು.

ಮಣ್ಣು ಮೆತ್ತಿದ ಮೂರು ನಾಣ್ಯ. ಒಂದರಲ್ಲಿ ಮಣ್ಣು ಉದುರಿ ದೊರೆಯ ಮುಖ ಕಾಣುತ್ತಿತ್ತು. ಅದೇ ಕಿವಿ, ಅದರ ಕೆಳಗೆ ಅದೇ ಗುಳ್ಳೆ.

"ಕೊಡಿ ಕೊಡಿ, ನಮ್ಮ ಅಳಿಯಂದ್ರು ಇರೋದು ಮತ್ಯಾಕೆ?" ಮಾವ ಅವನ ಹೆಗಲ ಮೇಲೆ ಕೈಯಿಟ್ಟರು.

ಬಾಗಿಲಲ್ಲಿ ನಿಂತ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಈಗಲಾದರೂ ಹೇಳಬೇಕು. ಅವನು ಬಾಯಿ ತೆರೆದ.

"ನೆನೀಬೇಕು" ಎಂದ.

ಅವಳು ಒಳಗೆ ಹೋಗಿ ಮೂರು ಬಟ್ಟಲು ತಂದು ಅವನ ಮೇಜಿನ ಮೇಲಿಟ್ಟಳು.