ಎಣ್ಣೆಬಟ್ಟಲಿನ ಬತ್ತಿ

—ಬಲಗೈಯೋ ಎಡಗೈಯೋ, ಈಗ ಹೇಳಲಾರೆ. ಮುಖದ ಮೇಲೆ ಬಿಸಿಲಿತ್ತೆಂದು ನೆನಪು. ಆದರೆ ಗಿರಣಿಯೊಳಗೆ ಬಿಸಿಲು ಎಲ್ಲಿಂದ ಬರಬೇಕು? ಅದನ್ನು ಆಮೇಲೆ ನಾನೇ ಸೇರಿಸಿರಬಹುದು. ಕೈ ಮಾತ್ರ ನನ್ನದು. ಎಣ್ಣೆಬಟ್ಟಲಿನ ಬತ್ತಿ ಎತ್ತಿದವಳು ನಾನು.

ಎಂಬತ್ತರ ದಶಕ, ನಿಪ್ಪಾಣಿಯ ಒಂದು ತಂಬಾಕು ಗಿರಣಿ. ಒಣಗಿದ ಎಲೆಯನ್ನು ಬಡಿದು ಪುಡಿ ಮಾಡುವ ಯಂತ್ರ. ಸುತ್ತ, ಮೂಗಿಗೆ ಸೆರಗು ಬಿಗಿದು ಜರಡಿ ಹಿಡಿಯುವ ನಾವು. ಯಂತ್ರಕ್ಕೆ ಎಣ್ಣೆ ಉಣಿಸುವವರು ದಸ್ತಗೀರ್ ಚಾಚಾ. ಯಂತ್ರದ ಅಚ್ಚು ತಿರುಗುವ ಬೇರಿಂಗಿನ ಮೇಲೊಂದು ಹಿತ್ತಾಳೆ ಬಟ್ಟಲು, ಅದರಲ್ಲಿ ಉಣ್ಣೆಯ ಬತ್ತಿ. ಬತ್ತಿ ಎಣ್ಣೆಯನ್ನು ತಾನೇ ಹೀರಿ, ನಡುವಿನ ಕೊಳವೆಯೊಳಗೆ ಹನಿಹನಿಯಾಗಿ ಇಳಿಸುತ್ತಿತ್ತು. ಯಂತ್ರ ನಿಂತಾಗಲೆಲ್ಲ ಚಾಚಾ ಬತ್ತಿಯನ್ನು ಎತ್ತುತ್ತಿದ್ದರು—ಇಲ್ಲದಿದ್ದರೆ ಎಣ್ಣೆ ಸುಮ್ಮನೆ ಸೋರಿಹೋಗುತ್ತದೆ. ಶುರುವಾಗುವ ಮುಂಚೆ ಮತ್ತೆ ಇಳಿಬಿಡುತ್ತಿದ್ದರು.

“ಲೋಹಕ್ಕ ಲೋಹ ತಾಗಬಾರ್ದವಾ. ನಡುವ ಎಣ್ಣಿ ತೆಳ್ಳಗ ನಿಂತಿರಬೇಕು, ಅತ್ತಿ-ಸೊಸಿ ನಡುವ ಮಗಾ ನಿಂತಂಗ.”

“ಹಂಗಾದ್ರ ನಮ್ಮನ್ಯಾಗ ಎಣ್ಣಿ ಖಾಲಿ ಆಗೇತ್ರಿ ಚಾಚಾ!” ಎಂದು ನಕ್ಕವಳು ಕಾಶವ್ವ, ನನ್ನ ಪಕ್ಕದ ಜರಡಿಯವಳು.

ಆ ದಿನ ಊಟದ ಬಿಡುವು ಮುಗಿದು ಯಂತ್ರ ಶುರುವಾಗಿತ್ತಷ್ಟೇ. ಕಾಶವ್ವ ಕೆಮ್ಮಿ ಕೆಮ್ಮಿ, ಉಸಿರು ಸಿಗದೆ, ಜರಡಿಯ ಮೇಲೆಯೇ ಬಿದ್ದಳು. ಸ್ವಲ್ಪ ಹೊತ್ತು ನಿಲ್ಲಿಸಿರೆಂದು ಕೂಗಿದೆವು.

“ಘಾಟಿಗೆ ಅಂಜಾಕಿ ಮನ್ಯಾಗ ಹಪ್ಪಳಾ ಲಟ್ಟಿಸ್ಲಿ,” ಎಂದ ನಮ್ಮ ಮೇಲೆ ಕಣ್ಣಿಟ್ಟಿರುತ್ತಿದ್ದ ಮುಕಾದಮ. “ಮಷೀನ್ ನಿಂದ್ರೂದಿಲ್ಲ.”

ನಿಂತಿತು, ನನ್ನಿಂದ. ಎಲ್ಲರೂ ಕಾಶವ್ವನನ್ನು ಬಾಗಿಲಿಗೆ ಎಳೆಯುವಾಗ ನಾನು ಬತ್ತಿ ಎತ್ತಿದೆ. ಎಣ್ಣೆಯ ಪದರ ಹರಿದರೆ ಲೋಹ ಉಜ್ಜುತ್ತದೆ, ಕಾಯುತ್ತದೆ. ಬೇರಿಂಗಿನ ಮೆದು ಲೋಹ ಕರಗಿ ಅಚ್ಚನ್ನು ಕಚ್ಚಿ ಹಿಡಿಯುತ್ತದೆ. ನನ್ನ ನೆನಪಿನಲ್ಲಿ ಯಂತ್ರ ಆ ಕ್ಷಣವೇ ಚೀರುತ್ತದೆ. ಸುಳ್ಳು. ಉಳಿದ ಎಣ್ಣೆ ಒಂದಷ್ಟು ಹೊತ್ತು ಕಾಪಾಡಿರಲೇಬೇಕು. ಆ ಹೊತ್ತೆಲ್ಲ ಬತ್ತಿಯನ್ನು ಮತ್ತೆ ಇಳಿಬಿಡಬಹುದಿತ್ತು—ಬಿಡಲಿಲ್ಲ. ಸುಟ್ಟ ವಾಸನೆ ಬಂತು, ಯಂತ್ರ ಬಿಗಿದು ನಿಂತಿತು, ಧೂಳು ಕೂತಿತು. ಕಾಶವ್ವನಿಗೆ ಉಸಿರು ಬಂತು. ಇದಕ್ಕೆ ಯಾರ ಕ್ಷಮೆಯನ್ನೂ ನಾನು ಕೇಳುವುದಿಲ್ಲ. ಇವತ್ತು ಹಾಗಾದರೂ ಮತ್ತೆ ಎತ್ತುತ್ತೇನೆ.

ಆದರೆ ಮಾಲೀಕ ಬಂದ. ಮೇಲೆದ್ದ ಬತ್ತಿ ಕಂಡಿತು; ಇಳಿಬಿಡಲು ಚಾಚಾ ಮರೆತಿದ್ದಾರೆ ಎಂದ. ಚಾಚಾ ಬಟ್ಟಲನ್ನೂ ತಮ್ಮ ಬೆರಳುಗಳನ್ನೂ ನೋಡಿಕೊಂಡು, ಕೊನೆಗೆ ನನ್ನ ಕಡೆ ತಿರುಗಿದರು.

“ಊಟಾ ಆದಮ್ಯಾಲ ನಾ ಬತ್ತಿ ಬಿಟ್ಟದ್ದು ನೀ ನೋಡಿದ್ದೇನವಾ?”

ನೋಡಿದ್ದೆ.

“ಇಲ್ರಿ ಚಾಚಾ.”

“ಹಂಗಾರ ನಾನ ಮರ್ತಿರಬೇಕು,” ಎಂದರು. ಅಂದೇ ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ರಾಯಬಾಗದ ಕಡೆ ಹೋದರೆಂದು ಕೇಳಿದೆ.

ಬಡವಳಾಗಿದ್ದೆ, ಅಂಜಿದ್ದೆ—ಹೀಗೆ ಬರೆಯಲು ಬರುತ್ತದೆ. ಬರೆಯುವುದಿಲ್ಲ. ಯಂತ್ರ ಸುಡುವಷ್ಟು ಗಟ್ಟಿಯಿದ್ದವಳು ಒಬ್ಬ ಮನುಷ್ಯನಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯನ್ನೂ ಸುಟ್ಟೆ, ಎರಡು ಮಾತಿನಲ್ಲಿ.

ಅಷ್ಟು ಹೆಂಗಸರಿದ್ದರು. ಚಾಚಾ ನನ್ನನ್ನೇ ಯಾಕೆ ಕೇಳಿದರು? ನಿಜವಾಗಿಯೂ ಮರೆತೆನೆಂದುಕೊಂಡಿದ್ದರೋ, ಎಲ್ಲ ಗೊತ್ತಿದ್ದೇ ಕೇಳಿದರೋ—ನನಗೆ ಗೊತ್ತಿಲ್ಲ.